ಅವ್ವ ಮನೆಗೆ ಬಂದಳು

26 ದಿನ ಆಸ್ಪತ್ರೆಯಲ್ಲಿದ್ದು ಅವ್ವ ಮನೆಗೆ ಬಂದಿದ್ದಾಳೆ. ನಿನ್ನೆ ಅರ್ಧ ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಕೊಂಡು ತಿಂದು, ಸಪ್ಪೆ ಎಂದು ಸೊಸೆಯನ್ನು ಬೈದಳು. ಬೈಸಿಕೊಂಡವಳೇ ಮೊದಲು ನಕ್ಕಳು. ಏನಾಗಿತ್ತು ಎಂಬುದು ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಬರೆಯುವುದಿಲ್ಲ.

ರಕ್ತ ಕೊಟ್ಟ ಹುಡುಗರು, ಜಮಖಂಡಿಯಿಂದ ಬಸ್ಸಿನಲ್ಲಿ ಬುತ್ತಿ ಕಳಿಸಿದ ಸೋದರತ್ತೆ, ಕೇಳುವ ಮೊದಲೇ ಹಣ ಹಾಕಿದ ಗೆಳೆಯರು, ಆಪರೇಷನ್ ಮಾಡಿದ ಡಾಕ್ಟರು, ಎಲ್ಲರಿಗೂ ಕೈಮುಗಿಯುತ್ತೇನೆ. ಒಂದೇ ಸಾಲಿನಲ್ಲಿ ಮುಗಿಸಿದನೆಂದು ಬೇಸರಿಸಬೇಡಿ. ನಾನು ಬರೆಯಲು ಕುಳಿತದ್ದು ರಾತ್ರಿ ಪಾಳಿಯ ಸಿಸ್ಟರ್ ಒಬ್ಬರ ಬಗ್ಗೆ. ಹೆಸರು ಹಾಕಬೇಡಿ ಎಂದಿದ್ದಾರೆ.

ಮೊದಲ ರಾತ್ರಿ ಅವರೊಂದಿಗೆ ಜಗಳವಾಡಿದ್ದೆ. ಅವ್ವನಿಗೆ ಆಗಷ್ಟೇ ಕಣ್ಣು ಹತ್ತಿತ್ತು. ಟಾರ್ಚಿಗೆ ಅಂಗೈ ಅಡ್ಡ ಹಿಡಿದು ಬಂದ ಸಿಸ್ಟರ್ ಅವಳನ್ನು ಎಬ್ಬಿಸತೊಡಗಿದರು. ಬೆಳಿಗ್ಗೆ ಮಾಡಿದರೆ ಆಗದೇ ಎಂದು ರೇಗಿದೆ. ಅವರು ದನಿ ಏರಿಸಲಿಲ್ಲ. “ಅಣ್ಣಾ, ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಆ ಕಡೆಯಿಂದ ಹಿಡಿಯಿರಿ.” ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಾಲಿನ ಕೆಳಗೆ ದಿಂಬು ಇಟ್ಟು ಹೋದರು. ಇಷ್ಟು ದಿನ ಮಲಗಿದ್ದರೂ ಅವ್ವನ ಬೆನ್ನಿನಲ್ಲಿ ಒಂದು ಹುಣ್ಣಿಲ್ಲ.

ಸಿದ್ಧೇಶ್ವರ ಜಾತ್ರೆಯಲ್ಲಿ ಮದ್ದು ಸುಡುವ ರಾತ್ರಿ ವಿಜಯಪುರವೆಲ್ಲ ಆಕಾಶ ನೋಡುತ್ತಿತ್ತು. ವಾರ್ಡಿನಲ್ಲಿ 28 ರೋಗಿಗಳು, ಇಬ್ಬರು ಸಿಸ್ಟರ್. (ಸಾಮಾನ್ಯ ಆಸ್ಪತ್ರೆಯಲ್ಲಿ ಐವರಿಗೆ ಒಬ್ಬರು ಇರಬೇಕೆಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕ. ಲೆಕ್ಕ ಕಾಗದದಲ್ಲಿರುತ್ತದೆ.) ನಡುರಾತ್ರಿ ದಾಟಿದ ಮೇಲೆ ಅವ್ವ ತೀರಿಹೋದ ತಮ್ಮನನ್ನು ಕರೆಯತೊಡಗಿದಳು. ಕನವರಿಕೆ ಎಂದುಕೊಂಡು ನಾನು ಮೊಬೈಲ್ ನೋಡುತ್ತ ಕುಳಿತೆ.

ಸಿಸ್ಟರ್ ಬಂದು ಅವಳ ಎದೆಯ ಏರಿಳಿತವನ್ನೇ ನೋಡುತ್ತ ನಿಂತರು. ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ. 20ರೊಳಗೆ ಇರಬೇಕಾದ ಉಸಿರು 30 ದಾಟಿತ್ತು. ಬಿ.ಪಿ. ಇನ್ನೂ ಸರಿಯಾಗಿಯೇ ಇತ್ತು, ಆದರೂ ಅವರು ಕಾಯಲಿಲ್ಲ. ಡ್ಯೂಟಿ ಡಾಕ್ಟರು ಫೋನ್ ಎತ್ತದಿದ್ದಾಗ ಮೇಲಿನ ಡಾಕ್ಟರನ್ನೇ ನಿದ್ದೆಯಿಂದ ಎಬ್ಬಿಸಿದರು. ಬೈಸಿಕೊಂಡಿರಲೂಬಹುದು. ಬೆಳಗಾಗುವ ಮೊದಲೇ ಅವ್ವ ಐಸಿಯುವಿನಲ್ಲಿದ್ದಳು.

ನಾನು ಶೌಚಾಲಯದ ಬಾಗಿಲು ಹಾಕಿಕೊಂಡು ಬಿಕ್ಕಿಬಿಕ್ಕಿ ಅತ್ತೆ. ಅವಳು ಹೋಗುತ್ತಾಳೆಂಬ ಭಯಕ್ಕಿಂತ, ಎರಡು ಅಡಿ ದೂರದಲ್ಲಿ ಕುಳಿತಿದ್ದ ಮಗನಿಗೆ ಅದು ಕಾಣಲಿಲ್ಲವಲ್ಲ ಎಂಬ ನಾಚಿಕೆ. ಅದನ್ನು ಹೇಳಿದಾಗ ಸಿಸ್ಟರ್, “ನಿಮಗೆ ಅವ್ವ, ನನಗೆ ಪೇಷಂಟು. ಅದಕ್ಕೇ ಕಂಡಿತು” ಎಂದು ಚಾರ್ಟು ಬರೆಯಲು ಹೋದರು.

ಡಿಸ್ಚಾರ್ಜ್ ಆದದ್ದು ಹಗಲಿನಲ್ಲಿ, ಅವರು ಇರಲಿಲ್ಲ. ಮರುದಿನ ರಾತ್ರಿ ಅಮೀನಗಡದ ಕರದಂಟು ಹಿಡಿದುಕೊಂಡು ವಾರ್ಡಿಗೆ ಹೋದೆ. ಅವ್ವ ಇದ್ದ ಹಾಸಿಗೆಯಲ್ಲಿ ಯಾರೋ ಅಜ್ಜ. ಸಿಸ್ಟರ್ ಒಬ್ಬರೇ ಅವರನ್ನು ಹೊರಳಿಸಲು ಹೆಣಗುತ್ತಿದ್ದರು. ನನ್ನನ್ನು ಕಂಡು, ಹೇಗಿದ್ದೀರಿ ಎಂದೂ ಕೇಳಲಿಲ್ಲ. “ಬಂದಿರಾ? ಆ ಕಡೆಯಿಂದ ಹಿಡಿಯಿರಿ ಅಣ್ಣಾ” ಎಂದರು.

ಕರದಂಟನ್ನು ಕಿಟಕಿಯಲ್ಲಿಟ್ಟು ಹಿಡಿದೆ.