ಎರೆ ನೆಲದ ಮನೆಗೆ ಬೇರೆ ಪಾಯ ಬೇಕು

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯ ಮನೆ ಪುಟದಲ್ಲಿ ಗೋಡೆ ಬಿರುಕಿನ ಬಗ್ಗೆ ಒಂದು ಬರಹ ಬಂದಿತ್ತು. ಮಳೆಗಾಲಕ್ಕೆ ಮುಂಚೆ, ಏಪ್ರಿಲ್‌–ಮೇ ತಿಂಗಳಲ್ಲೇ ಬಿರುಕುಗಳಿಗೆ ಸಿಮೆಂಟು ತುಂಬಿ, ಪುಟ್ಟಿ ಹಚ್ಚಿ, ಬಣ್ಣ ಹೊಡೆಸಿ ಎಂದು ಅದರಲ್ಲಿ ಸಲಹೆ ಕೊಟ್ಟಿದ್ದರು. ಗೋಡೆಯ ಬುಡಕ್ಕೆ ಗಿಡ ಹಚ್ಚಿ ನೀರು ಹಾಕಿದರೆ ಮನೆ ತಂಪಾಗಿರುತ್ತದೆ ಎಂದೂ ಇತ್ತು. ಕೆಂಪು ಮಣ್ಣಿನ ಊರುಗಳಲ್ಲಿ ಇದು ನಡೆಯಬಹುದು. ನರಗುಂದ, ನವಲಗುಂದ, ಅಣ್ಣಿಗೇರಿ, ರೋಣದ ಕಡೆ ಎರೆ ನೆಲದಲ್ಲಿ (ಕಪ್ಪು ಹತ್ತಿ ಮಣ್ಣಿನಲ್ಲಿ) ಮನೆ ಇರುವವರು ಹೀಗೆ ಮಾಡಿದರೆ ದುಡ್ಡೂ ಹೋಗುತ್ತದೆ, ಬಿರುಕೂ ಜಾಸ್ತಿಯಾಗುತ್ತದೆ.

ನಾನು ನರಗುಂದ ತಾಲ್ಲೂಕಿನ ಗೌಂಡಿ, ಗಾರೆ ಕೆಲಸದವನು. ನಮ್ಮಪ್ಪನೂ ಇದೇ ಕೆಲಸದವರು. ಈಗೀಗ ಹೊಸ ಮನೆಗಿಂತ ಬಿರುಕು ಬಿಟ್ಟ ಮನೆಗಳೇ ನನಗೆ ಹೆಚ್ಚು ಕೆಲಸ ಕೊಡುತ್ತಿವೆ. ಅವುಗಳಲ್ಲಿ ಬಹಳಷ್ಟು ಮನೆಗಳಿಗೆ ಹತ್ತು ವರ್ಷವೂ ಆಗಿರುವುದಿಲ್ಲ.

ಎರೆ ಮಣ್ಣಿನ ಗುಣ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಬೇಸಿಗೆಯಲ್ಲಿ ಹೊಲ ಕೈ ಇಳಿಯುವಷ್ಟು ಬಾಯಿ ಬಿಡುತ್ತದೆ. ನಾಲ್ಕು ಒಳ್ಳೆ ಮಳೆ ಬಿದ್ದರೆ ಬಿರುಕು ಎಲ್ಲಿತ್ತು ಎಂಬುದೂ ಗೊತ್ತಾಗುವುದಿಲ್ಲ. ಈ ಮಣ್ಣಿನಲ್ಲಿರುವ ಜೇಡಿಗೆ ಮಾಂಟ್‌ಮೊರಿಲ್ಲೊನೈಟ್ ಎನ್ನುತ್ತಾರೆ. ಅದು ತೆಳುವಾದ ಪದರು ಪದರಾಗಿ ಇರುತ್ತದೆ. ನೀರು ಆ ಪದರುಗಳ ನಡುವೆ ಹೊಕ್ಕರೆ ಮಣ್ಣು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮಳೆ ನಿಂತ ಮೇಲೂ ಹಿಂಗಾರಿ ಜೋಳ, ಕಡಲೆ, ಕುಸುಬೆ ಬೆಳೆಯುವುದು ಈ ಮಣ್ಣು ಹಿಡಿದಿಟ್ಟುಕೊಂಡ ತೇವದಿಂದಲೇ. ಬೆಳೆಗೆ ಅದು ಒಳ್ಳೆಯದು, ಗೋಡೆಗೆ ಅದೇ ಕೆಟ್ಟದ್ದು.

ಮನೆಯ ಭಾರಕ್ಕೆ ಮಣ್ಣು ಹೇಗೆ ಮೇಲೇಳುತ್ತದೆ ಎಂದು ಜನ ಕೇಳುತ್ತಾರೆ. ಒಂದು ಅಂತಸ್ತಿನ ಮನೆಯ ಭಾರ ಎರೆ ಮಣ್ಣಿಗೆ ಲೆಕ್ಕಕ್ಕೇ ಇಲ್ಲ. ಅದಕ್ಕೇ ಕಂಪೌಂಡು, ಪಾಯಖಾನೆ, ಎರಡು ಕೋಣೆಯ ಮನೆ ಇಂಥವೇ ಮೊದಲು ಸೀಳುವುದು. ಎಲ್ಲಾ ಕಡೆ ಸಮನಾಗಿ ಎದ್ದು ಸಮನಾಗಿ ಇಳಿದಿದ್ದರೆ ತೊಂದರೆ ಇರುತ್ತಿರಲಿಲ್ಲ. ಆದರೆ ಮನೆಯ ನಡುವಿನ ನೆಲಕ್ಕೆ ಬಿಸಿಲು ತಾಗುವುದಿಲ್ಲ, ಅಲ್ಲಿ ತೇವ ಉಳಿಯುತ್ತದೆ. ಹೊರಗೋಡೆಯ ಕೆಳಗಿನ ಮಣ್ಣು ಮಾತ್ರ ಬೇಸಿಗೆಯಲ್ಲಿ ಒಣಗಿ ಇಳಿಯುತ್ತದೆ, ಮಳೆಯಲ್ಲಿ ನೆನೆದು ಏಳುತ್ತದೆ. ಬಚ್ಚಲ ನೀರು ಬೀಳುವ ಮೂಲೆಯದು ಇನ್ನೊಂದೇ ಲೆಕ್ಕ. ಅದು ವರ್ಷವಿಡೀ ಉಬ್ಬಿಕೊಂಡೇ ಇರುತ್ತದೆ.

ನಮ್ಮ ಕಡೆಯ ಒಬ್ಬ ಮಾಸ್ತರರ ಮನೆ ಹೀಗೇ ಆಗಿತ್ತು. ಹೊಲವನ್ನು ಎನ್‌ಎ (ಕೃಷಿಯೇತರ) ಮಾಡಿಸಿದ ಹೊಸ ಲೇಔಟಿನಲ್ಲಿ ಕಟ್ಟಿಸಿದ ಮನೆ. "ಗೌಂಡ್ಯಾರ, ಮಳಿಗಾಲದಾಗ ಬಾಗಲಾ ಮುಚ್ಚಂಗಿಲ್ಲ, ಬ್ಯಾಸಿಗ್ಯಾಗ ಗ್ವಾಡಿ ಬಾಯಿ ಬಿಡತೈತ್ರಿ" ಎಂದು ಕರೆಸಿದ್ದರು. ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋದ ಬಿರುಕು. ಕೆಳಗೆ ಸಣ್ಣದು, ಮೇಲೆ ಬೆರಳಗಲ. ಮೇಲೆ ಅಗಲ ಇದ್ದರೆ ಮನೆಯ ಆ ತುದಿ ಇಳಿದಿದೆ ಎಂದರ್ಥ. ಕೆಳಗೆ ಅಗಲ ಇದ್ದರೆ ನಡುಭಾಗ ಕುಸಿದಿದೆ. ಅವರು ಆಗಲೇ ಮೂರು ಬೇಸಿಗೆ ರಿಪೇರಿ ಮಾಡಿಸಿದ್ದರು. ಒಂದು ಸಲ ಸಿಮೆಂಟು, ಒಂದು ಸಲ ಪುಟ್ಟಿ, ಒಂದು ಸಲ ಪಿಚಕಾರಿಯಲ್ಲಿ ತುಂಬುವ ಕೆಮಿಕಲ್ಲು. ಹಿಂದುಗಡೆ ಹೋಗಿ ನೋಡಿದರೆ ಬಚ್ಚಲ ಪೈಪು ಗೋಡೆಯಿಂದ ಗೇಣು ದೂರಕ್ಕೆ ಮುಗಿದಿತ್ತು. ನೀರು ಅಲ್ಲೇ ಇಂಗುತ್ತಿತ್ತು, ಬಾಳೆಗಿಡ ಸೊಗಸಾಗಿ ಬೆಳೆದಿತ್ತು. ಮನೆಯ ಇನ್ನೊಂದು ತುದಿಗೆ ಗೋಡೆಗೆ ಹತ್ತಿಯೇ ಒಂದು ದೊಡ್ಡ ಬೇವಿನ ಮರ. ಒಂದು ಮೂಲೆಗೆ ಬಾಳೆಗಿಡದ ನೀರು ಇಳಿಯುತ್ತಿತ್ತು, ಇನ್ನೊಂದು ಮೂಲೆಯ ತೇವವನ್ನು ಬೇವು ಹೀರುತ್ತಿತ್ತು. ನಡುವೆ ಗೋಡೆ ಏನು ಮಾಡಬೇಕು ಹೇಳಿ.

ನಾನು ಮೊದಲು ಗೋಡೆ ಮುಟ್ಟಲಿಲ್ಲ. ಬಚ್ಚಲ ನೀರನ್ನು ಪೈಪಿನಲ್ಲಿ ರಸ್ತೆಯ ಗಟಾರಿಗೆ ಮುಟ್ಟಿಸಿದೆವು. ಬಾಳೆ ಕಿತ್ತೆವು. ಬೇವು ಕಡಿಯಲು ಮನೆಯ ಅಮ್ಮಾವ್ರು ಒಪ್ಪಲಿಲ್ಲ, ಟೊಂಗೆ ಸವರಿ ಬಿಟ್ಟೆವು. (ಎರೆ ನೆಲದಲ್ಲಿ ಮರ ಎಷ್ಟು ಎತ್ತರ ಬೆಳೆಯುತ್ತದೋ ಮನೆಯಿಂದ ಅಷ್ಟು ದೂರದಲ್ಲಿ ಹಚ್ಚಬೇಕು. ಹಚ್ಚುವಾಗ ಅದು ಯಾರ ನೆನಪಿನಲ್ಲಿರುತ್ತದೆ!) ಆಮೇಲೆ ಮನೆಯ ಸುತ್ತ 6 ಅಡಿ ಅಗಲ, ಒಂದೂವರೆ ಅಡಿ ಆಳ ಎರೆ ತೆಗೆದು ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ತುಂಬಿ, ನೀರು ಚಿಮುಕಿಸಿ ಧಮ್ಮಸ್ ಹೊಡೆದು ಒತ್ತಿದೆವು. ಮೇಲೆ ಹೊರಕ್ಕೆ ಇಳಿಜಾರು ಬರುವಂತೆ ಕಾಂಕ್ರೀಟು. ಮಾಸ್ತರರು ಉಸುಕು ತುಂಬಿದರೆ ಅಗ್ಗವಾಗುತ್ತಿತ್ತಲ್ಲ ಎಂದರು. ಉಸುಕಿನ ಸಂದಿಯಲ್ಲಿ ನೀರು ನಿಲ್ಲುತ್ತದೆ, ಪಾಯದ ಪಕ್ಕದಲ್ಲೇ ಕೆರೆ ಕಟ್ಟಿದಂತೆ. ಗರಸು ಒತ್ತಿ ಕೂಡುತ್ತದೆ, ಉಬ್ಬುವುದಿಲ್ಲ.

ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದು, ಒಂದು ಮಳೆಗಾಲ ಕಳೆಯಲಿ ಎಂದು ಹೇಳಿ ಬಂದೆ. ಇದಕ್ಕೆ ಮಾತ್ರ ಜನ ಸಿಟ್ಟಾಗುತ್ತಾರೆ. ಗೌಂಡಿಗೆ ಪುರುಸೊತ್ತಿಲ್ಲ, ಅದಕ್ಕೆ ನೆಪ ಹೇಳುತ್ತಾನೆ ಎಂದುಕೊಳ್ಳುತ್ತಾರೆ. ಕಾರಣ ಇಷ್ಟೇ. ಮೇ ತಿಂಗಳಲ್ಲಿ ಬಿರುಕು ಪೂರ್ತಿ ತೆರೆದಿರುತ್ತದೆ. ಆಗ ಅದರೊಳಗೆ ಗಟ್ಟಿ ಸಿಮೆಂಟು ತುಂಬಿದರೆ, ಮಳೆ ಬಂದು ಗೋಡೆ ವಾಪಸ್ ಕೂಡಲು ಹೋದಾಗ ಅದೇ ಸಿಮೆಂಟು ಅಡ್ಡ ಬರುತ್ತದೆ. ಗೋಡೆ ಪಕ್ಕದಲ್ಲಿ ಹೊಸ ಜಾಗ ನೋಡಿಕೊಂಡು ಸೀಳುತ್ತದೆ. ನೀರಿನ ದಾರಿ ಸರಿಯಾಗಿ, ಒಂದು ಮಳೆಗಾಲ ಮುಗಿದು, ಬಿರುಕಿನ ಓಡಾಟ ಕಡಿಮೆಯಾಗಿದೆ ಎಂದು ಖಾತ್ರಿಯಾದ ಮೇಲೆ ಡಿಸೆಂಬರ್, ಜನವರಿಯಲ್ಲಿ ಗೋಡೆಗೆ ಕೈ ಹಾಕುವುದು ಒಳ್ಳೆಯದು.

ಆ ಕೆಲಸವೂ ಬರೀ ತುಂಬುವುದಲ್ಲ. ಬಿರುಕಿನ ಎರಡೂ ಕಡೆ ಪ್ಲಾಸ್ಟರ್ ಕೆರೆದು, ಇಟ್ಟಿಗೆಯ ಅಡ್ಡ ಸಂದಿಗಳನ್ನು ಬಿಡಿಸಿ, ಬಿರುಕನ್ನು ದಾಟುವಂತೆ 8 ಎಂಎಂ ಸರಳು ಕೂಡಿಸಬೇಕು. ಮೂರ್ನಾಲ್ಕು ವರಸೆಗೆ ಒಂದರಂತೆ. ತುದಿ ಮಡಚಿರಬೇಕು. ಸಂದಿಗೆ ಸಿಮೆಂಟಿನ ಜೊತೆ ಸುಣ್ಣ ಸೇರಿಸಿದ ಗಾರೆ ತುಂಬಬೇಕು. ಸುಣ್ಣ ಇದ್ದರೆ ಗಾರೆ ಅಷ್ಟೊಂದು ಬಿರುಸಾಗುವುದಿಲ್ಲ, ಸ್ವಲ್ಪ ಬಾಗುತ್ತದೆ. ಮೇಲೆ ಕೋಳಿ ಜಾಲರಿ ಬಡಿದು ಗಿಲಾವು. ಮಾಸ್ತರರ ಮನೆಗೆ ಇಷ್ಟೇ ಮಾಡಿದ್ದು. ಪಾಯಕ್ಕೆ ಕೈ ಹಾಕುವ ಪ್ರಸಂಗವೇ ಬರಲಿಲ್ಲ.

ಪಾಯವೇ ಮುರಿದಿದ್ದರೆ ಅದರ ಕೆಳಗೆ ಅಗೆದು ಹೊಸ ಕಾಂಕ್ರೀಟು ಕೊಡಬಹುದು. ಅದಕ್ಕೆ ಎಂಜಿನಿಯರ್ ಎದುರಿಗೇ ಇರಬೇಕು. ಮೂರ್ನಾಲ್ಕು ಅಡಿಯ ತುಂಡು ಅಗೆದು, ತುಂಬಿ, ಗಟ್ಟಿಯಾದ ಮೇಲೆ ಒಂದು ಬಿಟ್ಟು ಒಂದು ತುಂಡಿಗೆ ಹೋಗಬೇಕು. ಗೋಡೆಯುದ್ದಕ್ಕೂ ಒಮ್ಮೆಲೇ ಜೆಸಿಬಿ ಬಿಡುವವರನ್ನು ನೋಡಿದ್ದೇನೆ, ಎದೆ ನಡುಗುತ್ತದೆ.

ಇಷ್ಟೆಲ್ಲಾ ಬರೆದದ್ದು ಮನೆ ಪುಟದ ಬರಹವೊಂದಕ್ಕಾಗಿ ಅಲ್ಲ. ಈ ಮಣ್ಣಿನ ವಿಷಯ ಸರಕಾರಕ್ಕೆ ಹೊಸದೇನೂ ಅಲ್ಲ. ಮಲಪ್ರಭಾ ಕಾಲುವೆ ಎರೆ ನೆಲದಲ್ಲಿ ಹಾದು ಬರುವಾಗ ಲೈನಿಂಗ್ (ಕಾಲುವೆಯ ಒಳಮೈ ಹೊದಿಕೆ) ಒಡೆಯಬಾರದೆಂದು ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿಯವರು ಕಂಡುಹಿಡಿದ ದಾರಿಯನ್ನು ಬಳಸಿದರು. ಲೈನಿಂಗಿಗೂ ಎರೆಗೂ ನಡುವೆ ಉಬ್ಬದ, ಆದರೆ ಹಿಡಿತ ಇರುವ ಮಣ್ಣನ್ನು ದಪ್ಪಗೆ ಒತ್ತಿ ಕೂಡಿಸುವುದೇ ಆ ದಾರಿ. ಕಾಲುವೆಗೆ ಸಿಕ್ಕ ಆ ಮರ್ಯಾದೆ ಅದರ ದಂಡೆಯ ಮನೆಗಳಿಗೆ ಸಿಗಲಿಲ್ಲ.

ಮನೆಗೂ ದಾರಿ ಇದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು 1950ರ ದಶಕದಲ್ಲೇ ಅಂಡರ್‌ರೀಮ್ಡ್ ಪೈಲ್ ಬಳಕೆಗೆ ತಂದರು. ಕೈಯಿಂದ ತಿರುಗಿಸುವ ಬೈರಿಗೆಯಲ್ಲಿ ಕುಣಿ ಕೊರೆದು, ತಳದಲ್ಲಿ ತಂಬಿಗೆಯ ಹೊಟ್ಟೆಯ ಹಾಗೆ ಅಗಲ ಮಾಡಿ ಕಾಂಕ್ರೀಟು ತುಂಬುವುದು. ಆ ಹೊಟ್ಟೆ ಕಂಬಕ್ಕಿಂತ ಸುಮಾರು ಎರಡೂವರೆ ಪಟ್ಟು ಅಗಲ ಇರುತ್ತದೆ. ಎರೆ ನೆಲದಲ್ಲಿ ಕನಿಷ್ಠ 3.5 ಮೀಟರ್ ಆಳಕ್ಕೆ ಹೋಗಬೇಕು. ಅಷ್ಟು ಕೆಳಗೆ ಬೇಸಿಗೆ, ಮಳೆಗಾಲದ ಏರುಪೇರು ಮುಟ್ಟುವುದಿಲ್ಲ. ಮೇಲಿನ ಬೀಮಿಗೂ ನೆಲಕ್ಕೂ ನಡುವೆ ಸುಮಾರು 3 ಇಂಚು ಖಾಲಿ ಬಿಡಬೇಕು, ಮಣ್ಣು ಉಬ್ಬಿದರೂ ಬೀಮಿಗೆ ತಾಗದ ಹಾಗೆ. ಇದಕ್ಕೆ ಐಎಸ್ (ಭಾರತೀಯ ಮಾನಕ) 2911ರ ಮೂರನೇ ಭಾಗ ಎಂಬ ಸಂಹಿತೆಯೇ ಇದೆ. ನಮ್ಮ ತಾಲ್ಲೂಕಿನಲ್ಲಿ ಶಾಲೆ, ಆಫೀಸು ಕಟ್ಟುವಾಗ ಎಂಜಿನಿಯರುಗಳು ಈ ಪೈಲಿನ ಮಾತಾಡುವುದನ್ನು ಕೇಳಿದ್ದೇನೆ. ಬಡವರ ಮನೆಯ ನಕ್ಷೆಯಲ್ಲಿ ಮಾತ್ರ ಕಂಡಿಲ್ಲ.

ಹಿಂದಿನವರು ಊರು ಕಟ್ಟಿದ್ದು ದಿಬ್ಬ ನೋಡಿ, ಗರಸು ನೆಲ ನೋಡಿ. ಎರೆಯನ್ನು ಹೊಲಕ್ಕೆ ಬಿಟ್ಟರು. ಗೋಡೆ ಮಣ್ಣಿನದು, ಎರಡು ಮೊಳ ದಪ್ಪ, ಅಲುಗಾಡಿದರೂ ತಾಳುತ್ತಿತ್ತು. ಈಗ ಊರೊಳಗೆ ಜಾಗವಿಲ್ಲ. ಸರಕಾರಿ ವಸತಿ ಯೋಜನೆಯ ನಿವೇಶನಗಳು ಎರೆ ಹೊಲದಲ್ಲೇ ಬರುತ್ತವೆ, ಅದೂ ತಗ್ಗಿನಲ್ಲಿ. ಅದರ ಮೇಲೆ ಎರಡು ಮೂರು ಅಡಿ ಪಾಯ, 6 ಇಂಚಿನ ಬ್ಲಾಕಿನ ಗೋಡೆ.

ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಗೆ 1.20 ಲಕ್ಷ ರೂಪಾಯಿ, ಗುಡ್ಡಗಾಡು ಹಾಗೂ ದುರ್ಗಮ ಪ್ರದೇಶಕ್ಕೆ 1.30 ಲಕ್ಷ ಎಂದು ಇಟ್ಟಿದ್ದಾರೆ. ಅಲ್ಲಿ ಕಟ್ಟುವುದು ಕಷ್ಟ ಎಂದು ಒಪ್ಪಿಕೊಂಡ ಹಾಗಾಯಿತು ಅಲ್ವಾ? ಎರೆ ನೆಲ ಕಣ್ಣಿಗೆ ಸಪಾಟಾಗಿ ಕಾಣುತ್ತದೆ, ಅದಕ್ಕೇ ಅದು ಬಯಲಿನ ಲೆಕ್ಕಕ್ಕೆ ಹೋಗಿದೆ. ಪಾಯದ ಖರ್ಚು ಮಾತ್ರ ಬಯಲಿನದಲ್ಲ. ಕೇಂದ್ರ ಕೊಡದಿದ್ದರೆ ರಾಜ್ಯವಾದರೂ ಎರೆ ನೆಲದ ಫಲಾನುಭವಿಗಳಿಗೆ ಪಾಯಕ್ಕೆಂದೇ ಹೆಚ್ಚುವರಿ ಹಣ ಕೊಡಲಿ. ಪಂಚಾಯಿತಿಯಲ್ಲಿ ಎರೆ ನೆಲದ ಪಾಯದ ನಕ್ಷೆ ಬೇರೆಯೇ ಸಿಗಲಿ.

ಯಾವುದು ಎರೆ, ಎಷ್ಟು ಎರೆ ಎಂದು ತಿಳಿಯಲು ದೊಡ್ಡ ಲ್ಯಾಬೂ ಬೇಡ. ಒಣ ಮಣ್ಣು ಪುಡಿ ಮಾಡಿ, ಜರಡಿ ಹಿಡಿದು, ಎರಡು ಅಳತೆ ಗಾಜಿನಲ್ಲಿ ಅಷ್ಟಷ್ಟೇ ಹಾಕುತ್ತಾರೆ. ಒಂದಕ್ಕೆ ನೀರು, ಒಂದಕ್ಕೆ ಸೀಮೆಎಣ್ಣೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಒಂದು ದಿನ ಬಿಟ್ಟು ಎರಡರ ಎತ್ತರ ಹೋಲಿಸಿದರೆ ಆಯಿತು. ನೀರಿನದು ಎರಡು ಪಟ್ಟಾಗಿದ್ದರೆ ಆ ಜಾಗದಲ್ಲಿ ಮಾಮೂಲಿ ಪಾಯ ಹಾಕಲೇಬಾರದು. ಈಗ ಸೀಮೆಎಣ್ಣೆ ಸಿಗುವುದೇ ಕಷ್ಟ, ಅದು ಬೇರೆ ಮಾತು.

ಇನ್ನೊಂದು ಕೋರಿಕೆ. ಯೋಜನೆಯ ಹಣದ ಕಂತು ಬಿಡುಗಡೆಗೆ ಮುಂಚೆ ಮೊಬೈಲಿನಲ್ಲಿ ಪಾಯದ ಜಿಪಿಎಸ್ ಫೋಟೋ ತೆಗೆಯುತ್ತಾರೆ. ಆಗ ಪಾಯ ಮುಚ್ಚಿ, ಮೇಲಿನ ಎರಡು ವರಸೆ ಕಲ್ಲು ಮಾತ್ರ ಕಾಣುತ್ತಿರುತ್ತದೆ. ಒಳಗೆ ಎಷ್ಟು ಆಳ ಇದೆ, ಕೆಳಗೆ ಗರಸು ಬಿದ್ದಿದೆಯೋ ಇಲ್ಲವೋ, ಯಾರಿಗೆ ಗೊತ್ತು? ಎರೆ ನೆಲದ ತಾಲ್ಲೂಕುಗಳಲ್ಲಾದರೂ ಕುಣಿ ತೆರೆದಿರುವಾಗಲೇ, ಅಳತೆ ಟೇಪು ಇಳಿಬಿಟ್ಟು ಒಂದು ಫೋಟೋ ತೆಗೆಯಬೇಕೆಂದು ಜಿಲ್ಲಾ ಪಂಚಾಯಿತಿಯವರು ಆದೇಶ ಮಾಡಲಿ. ಇದಕ್ಕೆ ಖರ್ಚೇನೂ ಇಲ್ಲ, ಈ ವರ್ಷದ ಮನೆಗಳಿಂದಲೇ ಶುರು ಮಾಡಬಹುದು.

ಇತಿ ನಿಮ್ಮ ಓದುಗ,
ಒಬ್ಬ ಗೌಂಡಿ, ನರಗುಂದ ತಾಲ್ಲೂಕು