ಪದಬಂಧದಲ್ಲಿ ಅರ್ಧಾಕ್ಷರದ ಚೌಕಗಳನ್ನು ಕೈಬಿಡುವ ಕುರಿತು

ಉಡುಪಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಾರದ ಪುರವಣಿಗೆ ನಾವು ಸಿದ್ಧಪಡಿಸಿ ಕಳುಹಿಸುತ್ತಿರುವ ಪದಬಂಧದಲ್ಲಿ, ಮುಂದಿನ ತಿಂಗಳ ಮೊದಲ ಸಂಚಿಕೆಯಿಂದ, ಅರ್ಧಾಕ್ಷರದಲ್ಲಿ ಕೊನೆಗೊಳ್ಳುವ ಪದಗಳು ಉತ್ತರವಾಗಿ ಬರುವುದಿಲ್ಲ. ಬಸ್, ಕಾರ್, ಆಫೀಸ್ ಎಂದು ಈವರೆಗೆ ತುಂಬುತ್ತಿದ್ದುದನ್ನು ಇನ್ನು ಬಸ್ಸು, ಕಾರು, ಆಫೀಸು ಎಂದೇ ತುಂಬುತ್ತೇವೆ.

ಇದಕ್ಕೆ ಕಾರಣ ನಮ್ಮದೇ ಒಂದು ತಪ್ಪು. ಕಳೆದ ಬಹುಮಾನದ ಪದಬಂಧದಲ್ಲಿ ಎಡದಿಂದ ಬಲಕ್ಕೆ ‘ಬಸ್’, ಮೇಲಿನಿಂದ ಕೆಳಕ್ಕೆ ‘ಆಫೀಸ್’ ಇದ್ದು, ಎರಡೂ ‘ಸ್’ ಚೌಕದಲ್ಲಿ ಕೂಡುತ್ತಿದ್ದವು. ಕನ್ನಡದಲ್ಲಿ ಕಾಗುಣಿತ, ಒತ್ತುಗಳ ಸಮೇತ ಇಡೀ ಅಕ್ಷರಕ್ಕೆ ಒಂದೇ ಚೌಕವಾದ್ದರಿಂದ, ‘ಬಸ್’ ಎಂದರೂ ಎರಡು ಚೌಕ, ‘ಬಸ್ಸು’ ಎಂದರೂ ಎರಡೇ ಚೌಕ. ಸುಳಿವಿನ ಪಕ್ಕದ ಅಂಕಿಯಿಂದ ಓದುಗರಿಗೆ ಏನೂ ಸಹಾಯವಾಗಲಿಲ್ಲ. ಕಾರ್ಕಳದ ಓದುಗರೊಬ್ಬರು ‘ಬಸ್ಸು’ ಎಂದು ಬರೆದು, ಕೆಳಮುಖವಾಗಿ ಅದು ‘ಆಫೀಸ್ಸು’ ಆಗುವುದನ್ನು ಕಂಡು, ಅಳಿಸಿ ಬರೆದು ಅಳಿಸಿ, ಕೊನೆಗೆ ಆ ಚೌಕದಲ್ಲಿ ತೂತುಬಿದ್ದ ಕಾಗದವನ್ನೇ ಅಂಚೆಗೆ ಹಾಕಿದ್ದರು. ಅವರದು ತಪ್ಪೆನ್ನಲು ನಮಗೆ ಮನಸ್ಸು ಬರಲಿಲ್ಲ; ನಮ್ಮೂರಿನಲ್ಲಿ ಬಸ್ಸು ಎಂದರೆ ಬಸ್ಸೇ.

ಇನ್ನು ಮುಂದೆ ಆ ‘ಸ್ಸು’ವಿಗೆ ಮನಸ್ಸು, ವಯಸ್ಸು, ತಪಸ್ಸುಗಳನ್ನು ಹೆಣೆಯಬಹುದು; ಕಾರಿನ ‘ರು’ವಿಗಂತೂ ಊರು, ಬೇರು, ತೇರು ಎಂದು ಪದಗಳಿಗೆ ಬರವೇ ಇಲ್ಲ. ಮೂಲೆಯ ಒಂದು ‘ಜ್’ ಉಳಿಸಿಕೊಳ್ಳುವುದಕ್ಕಾಗಿ ಪಕ್ಕದ ಸಾಲಿಗೆ ಯಾರೂ ಬಳಸದ ಪದವನ್ನು ನಿಘಂಟಿನಿಂದ ಹೆಕ್ಕಿ ತರುವ ನಮ್ಮ ಕೆಟ್ಟ ಅಭ್ಯಾಸವೂ ಇದರಿಂದ ತಪ್ಪುತ್ತದೆ.

ಕೊನೆಗೆ ಉಕಾರ ಸೇರಿಸಲಾಗದ ಹೆಸರುಗಳನ್ನು ಸುಳಿವಿನಲ್ಲಷ್ಟೇ ಬಳಸುತ್ತೇವೆ. 1894ರಲ್ಲಿ ಮಂಗಳೂರಿನಿಂದ ಪ್ರಕಟವಾದ ನಿಘಂಟಿನ ಕರ್ತೃ ಕಿಟ್ಟೆಲ್ ಅವರಿಗೇ ಪದಬಂಧದೊಳಗೆ ಜಾಗವಿಲ್ಲದಾಯಿತು ಎಂಬುದು ಬೇಸರದ ಸಂಗತಿ, ಆದರೆ ‘ಕಿಟ್ಟೆಲು’ ಎಂದು ಬರೆಯುವ ಧೈರ್ಯ ನಮಗಿಲ್ಲ.

11×11 ಚೌಕಗಳ ಅಳತೆ, ದರ, ಕಳುಹಿಸುವ ದಿನ ಯಾವುದೂ ಬದಲಾಗುವುದಿಲ್ಲ. ಮುಂಗಡವಾಗಿ ತಮಗೆ ತಲುಪಿರುವ ಪದಬಂಧಗಳಲ್ಲಿ ಹಳೆಯ ಕ್ರಮವೇ ಇರುವುದರಿಂದ ಅವುಗಳನ್ನು ದಯವಿಟ್ಟು ಅಚ್ಚಿಗೆ ಕೊಡಬೇಡಿ. ತಿದ್ದಿದ ಪ್ರತಿಗಳನ್ನು ಉತ್ತರಸಹಿತ ಈ ವಾರವೇ ಕಳುಹಿಸುತ್ತೇವೆ. ಕಳೆದ ಸ್ಪರ್ಧೆಯಲ್ಲಿ ‘ಬಸ್ಸು’ ಎಂದು ಬರೆದವರ ಉತ್ತರವನ್ನೂ ಸರಿಯೆಂದೇ ಪರಿಗಣಿಸಬೇಕೆಂದು ವಿನಂತಿಸುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಪದಬಂಧ ರಚನೆಯ ಬಳಗ