ಮಗಳಿಗೊಂದು ಪತ್ರ: ಮಧ್ಯಾಹ್ನ ಮಲಗುವುದೂ ಪ್ರಾಕ್ಟೀಸೇ

ಪ್ರೀತಿಯ ಪುಟ್ಟಿ,

ಜೂನ್‌ನಿಂದ ನೀನು ಈಜಿನ ಸೀನಿಯರ್ ಬ್ಯಾಚ್‌ಗೆ ಹೋಗುತ್ತೀಯ. ಬೆಳಿಗ್ಗೆ 5ಕ್ಕೆ ನೀರಿಗೆ ಇಳಿಯಬೇಕು ಅಂದರೆ 4:15ಕ್ಕೆ ಏಳಬೇಕು. ಹೊಸ ಗಾಗಲ್ಸ್, ಫಿನ್ಸ್, ಕಿಕ್‌ಬೋರ್ಡ್ ಎಲ್ಲ ತಂದಾಯಿತು. ನಿದ್ದೆಯ ವಿಷಯ ಮಾತ್ರ ಯಾರೂ ಎತ್ತಿಲ್ಲ. ಎದುರಿಗೆ ಕೂತು ಹೇಳಿದರೆ "ಗೊತ್ತಮ್ಮಾ" ಅಂತ ಎದ್ದು ಹೋಗುತ್ತೀಯ. ಬರೆದು ಕೊಟ್ಟರೆ ಓದುತ್ತೀಯ ಅಂತ ಬರೆಯುತ್ತಿದ್ದೇನೆ.

13ರಿಂದ 18 ವರ್ಷದ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ಅಮೆರಿಕದ ನಿದ್ರಾ ತಜ್ಞರ ಅಕಾಡೆಮಿ 2016ರಲ್ಲಿ ಹೇಳಿತು. ಇದು ಎಲ್ಲ ಮಕ್ಕಳಿಗೂ ಸೇರಿಸಿ ಹೇಳಿದ ಮಾತು. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಈಜುವವಳಿಗೆ ಎಂಟು ಗಂಟೆ ಸಾಕು ಅಂತ ನನಗೆ ಅನ್ನಿಸುವುದಿಲ್ಲ. ಆದರೆ ರಾತ್ರಿ 9ಕ್ಕೆ ಮಲಗಿ 4:15ಕ್ಕೆ ಎದ್ದರೆ ಸಿಗುವುದೇ ಏಳೂಕಾಲು ಗಂಟೆ. ಅದೂ ದಿಂಬಿಗೆ ತಲೆ ಕೊಟ್ಟ ತಕ್ಷಣ ನಿದ್ದೆ ಬಂದರೆ!

ಬರುವುದಿಲ್ಲ ಅನ್ನುವುದೇ ಕಷ್ಟ. ನಿನ್ನ ವಯಸ್ಸಿನಲ್ಲಿ ಮೈಯೊಳಗಿನ ಗಡಿಯಾರ ತಾನಾಗಿಯೇ ಹಿಂದೆ ಬೀಳುತ್ತದೆ. ಕತ್ತಲಾದ ಮೇಲೆ ಮೆದುಳಿನಲ್ಲಿ ಮೆಲಟೋನಿನ್ ಅನ್ನುವ ಹಾರ್ಮೋನು ಏರಬೇಕು. ಆಗ ಮೈಗೆ ರಾತ್ರಿಯಾಯಿತು ಅಂತ ಗೊತ್ತಾಗುತ್ತದೆ. ಚಿಕ್ಕ ಮಕ್ಕಳಲ್ಲಿ ಇದು ಬೇಗ ಏರುತ್ತದೆ, ಹದಿವಯಸ್ಸಿನಲ್ಲಿ ತಡವಾಗಿ. ಹಾಗಾಗಿ ಒಂಬತ್ತು ಗಂಟೆಗೆ ನಿನಗೆ ನಿದ್ದೆ ಹತ್ತದಿದ್ದರೆ ಅದು ಹಟವೂ ಅಲ್ಲ, ಸೋಮಾರಿತನವೂ ಅಲ್ಲ. ಯಾರಾದರೂ ಹಾಗಂದರೆ ನಂಬಬೇಡ.

ದೊಡ್ಡವರಿಗೂ ಇದು ಸುಲಭವಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ತಯಾರಾಗುತ್ತಿದ್ದ ಆಸ್ಟ್ರೇಲಿಯಾದ ಏಳು ಈಜುಗಾರರ ನಿದ್ದೆಯನ್ನು ಎರಡು ವಾರ ಅಳೆದು ನೋಡಿದ್ದರು. ಅವರಿಗೆ ಪ್ರಾಕ್ಟೀಸ್ ಬೆಳಿಗ್ಗೆ 6ಕ್ಕೆ. ಹಿಂದಿನ ರಾತ್ರಿ ಹತ್ತರ ಸುಮಾರಿಗೆ ಹಾಸಿಗೆ ಸೇರುತ್ತಿದ್ದರು. ಹಾಸಿಗೆಯಲ್ಲಿ ಏಳೂವರೆ ಗಂಟೆಗೂ ಜಾಸ್ತಿ ಇದ್ದರೂ ನಿದ್ದೆ ಮಾಡಿದ್ದು ಸರಾಸರಿ 5.4 ಗಂಟೆ ಅಷ್ಟೇ. ಮಾರನೇ ದಿನ ರಜೆ ಇದ್ದರೆ 7.1 ಗಂಟೆ. ಇದನ್ನು ಓದಿದಾಗ ನನಗೆ ಎದೆ ಝಲ್ಲೆಂದಿತು. ಒಲಿಂಪಿಕ್ಸ್‌ಗೆ ಹೊರಟವರ ಕಥೆಯೇ ಹೀಗಾದರೆ, ಎಂಟೂವರೆಗೆ ಸ್ಕೂಲಿನ ಬೆಂಚಿನ ಮೇಲೆ ಕೂರಬೇಕಾದ ನನ್ನ ಮಗಳ ಗತಿ ಏನು?

ನಿದ್ದೆ ಕಡಿಮೆಯಾದರೆ ಅದು ಬರೀ ತೂಕಡಿಕೆಯಲ್ಲಿ ಮುಗಿಯುವುದಿಲ್ಲ. ಮೈ ಬೆಳೆಯಲು ಬೇಕಾದ ಹಾರ್ಮೋನು ಜಾಸ್ತಿ ಹರಿಯುವುದು ಗಾಢ ನಿದ್ದೆಯಲ್ಲಿ. ದಣಿದ ಸ್ನಾಯು ರಿಪೇರಿ ಆಗುವುದೂ ಆಗಲೇ. ಸಂಜೆ ಕೋಚ್ ಹತ್ತು ಸಲ ಮಾಡಿಸಿದ, ಗೋಡೆಯ ಹತ್ತಿರ ಪಲ್ಟಿ ಹೊಡೆದು ತಿರುಗುವ ಫ್ಲಿಪ್ ಟರ್ನ್ ಮೆದುಳಿನಲ್ಲಿ ಗಟ್ಟಿಯಾಗುವುದಕ್ಕೂ ನಿದ್ದೆ ಬೇಕು. ಲಾಸ್ ಏಂಜಲಿಸ್‌ನಲ್ಲಿ 112 ಜನ ಶಾಲಾ ಕ್ರೀಡಾಪಟುಗಳನ್ನು ವಿಚಾರಿಸಿ ನೋಡಿದರು. ಎಂಟು ಗಂಟೆಗಿಂತ ಕಡಿಮೆ ಮಲಗುವವರಿಗೆ ಪೆಟ್ಟಾಗುವ ಸಂಭವ ಮಿಕ್ಕವರಿಗಿಂತ 1.7 ಪಟ್ಟು ಇತ್ತು. ನಿನ್ನ ಬಟರ್‌ಫ್ಲೈ, ನಿನ್ನ ಭುಜ ಎರಡೂ ನನ್ನ ಕಣ್ಣ ಮುಂದೆ ಬಂದವು.

ಟೈಮಿಂಗ್ ವಿಷಯಕ್ಕೆ ಬಂದರೆ ನೀನು ಕಿವಿ ನೆಟ್ಟಗೆ ಮಾಡುತ್ತೀಯ, ನನಗೆ ಗೊತ್ತು. ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್ 2021ರಲ್ಲಿ ರೋಮ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಅನ್ನು 53.77 ಸೆಕೆಂಡ್‌ನಲ್ಲಿ ಮುಗಿಸಿದರು. ಟೋಕಿಯೊ ಒಲಿಂಪಿಕ್ಸ್‌ನ 'ಎ' ಅರ್ಹತೆಗೆ, ಅಂದರೆ ನೇರ ಪ್ರವೇಶಕ್ಕೆ, ಬೇಕಿದ್ದದ್ದು 53.85. ಅಂದರೆ ವ್ಯತ್ಯಾಸ ಒಂದು ಸೆಕೆಂಡಿನ ನೂರರಲ್ಲಿ ಎಂಟು ಪಾಲು. ಈಗ ಇದನ್ನು ಕೇಳು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಐದು ಈಜುಗಾರರಿಗೆ ಆರೇಳು ವಾರ ದಿನಕ್ಕೆ ಹತ್ತು ಗಂಟೆ ಮಲಗಲು ಹೇಳಿದ್ದರು. ರೇಸ್ ಶುರುವಾದಾಗ ಬ್ಲಾಕ್‌ನಿಂದ (ಹಾರುವ ಕಟ್ಟೆಯಿಂದ) ಹಾರುವುದೇ 0.15 ಸೆಕೆಂಡ್ ಬೇಗವಾಯಿತು. ಐದು ಜನ ಅಂದರೆ ತೀರಾ ಕಡಿಮೆ, ಅದೊಂದನ್ನೇ ನೆಚ್ಚಿಕೊಳ್ಳುವುದು ಸರಿಯಲ್ಲ. ಆದರೂ ಪೂಲ್‌ನಲ್ಲಿ ಇನ್ನೂ ನಾಲ್ಕು ಲ್ಯಾಪ್ ಜಾಸ್ತಿ ಹೊಡೆಯೋಣ ಅನ್ನುವ ಮೊದಲು ಇದನ್ನು ಯೋಚಿಸಬೇಕಲ್ವಾ?

ರಾತ್ರಿ ಸಾಲದ್ದನ್ನು ಮಧ್ಯಾಹ್ನ ಸ್ವಲ್ಪ ತುಂಬಿಕೊಳ್ಳಬಹುದು. ಮೂರೂವರೆಗೆ ಸ್ಕೂಲು ಬಿಡುತ್ತದೆ. ಮನೆಗೆ ಬಂದು ಏನಾದರೂ ತಿಂದು ಮಲಗಿಬಿಡು. ಇಪ್ಪತ್ತರಿಂದ ಮೂವತ್ತು ನಿಮಿಷ ಸಾಕು. ಅದಕ್ಕಿಂತ ಉದ್ದವಾದರೆ ಗಾಢ ನಿದ್ದೆಗೆ ಜಾರುತ್ತೀಯ. ಅರ್ಧದಲ್ಲಿ ಎಬ್ಬಿಸಿದರೆ ತಲೆ ಭಾರ, ಕೈಕಾಲು ಓಡುವುದಿಲ್ಲ, ಯಾರ ಮೇಲಾದರೂ ರೇಗಬೇಕು ಅನ್ನಿಸುತ್ತದೆ. ಎದ್ದ ಮೇಲೆ ಅರ್ಧ ಗಂಟೆಯಾದರೂ ಬಿಟ್ಟು ನೀರಿಗೆ ಇಳಿ. ರಜೆಯ ದಿನ ಊಟ ಆದ ಮೇಲೆ ಒಂದೂವರೆ ಗಂಟೆ ಮಲಗಿದರೂ ಪರವಾಗಿಲ್ಲ. ನಿದ್ದೆಯ ಒಂದು ಸುತ್ತು ಸುಮಾರು ಅಷ್ಟು ಹೊತ್ತಿನದು, ಅದು ಮುಗಿದ ಮೇಲೆ ಏಳುವುದು ಸುಲಭ.

ದೀಪ ಹಚ್ಚುವ ಹೊತ್ತಿಗೆ ಮಲಗಬಾರದು ಅಂತ ಅಜ್ಜಿ ಹೇಳುತ್ತಾರಲ್ಲ, ಅದನ್ನು ಮಾತ್ರ ಪಾಲಿಸು. ಅಜ್ಜಿಯ ಕಾರಣ ಬೇರೆ, ಆದರೆ ಸಂಜೆ ಮಲಗಿದರೆ ರಾತ್ರಿ ನಿದ್ದೆ ದೂರ ಹೋಗುವುದು ನಿಜ. ಎದ್ದಿರುವಷ್ಟೂ ಹೊತ್ತು ಮೈಯಲ್ಲಿ ನಿದ್ದೆಯ ಒತ್ತಡ ಸೇರುತ್ತಾ ಹೋಗಬೇಕು. ಸಂಜೆ ಅದನ್ನು ಖಾಲಿ ಮಾಡಿಬಿಟ್ಟರೆ ಒಂಬತ್ತಕ್ಕೆ ಮತ್ತೆ ಎಲ್ಲಿಂದ ತರುವುದು? ಮನೆಯವರೆಲ್ಲ ಕುಡಿಯುವ ಸಂಜೆಯ ಕಾಫಿಯೂ ನಿನಗೆ ಬೇಡ. ಅದರ ಕೆಫೀನ್‌ನಲ್ಲಿ ಅರ್ಧ ಇಳಿಯುವುದಕ್ಕೇ ಸುಮಾರು ಐದು ಗಂಟೆ ಹಿಡಿಯುತ್ತದೆ. ಫೋನ್ ರಾತ್ರಿ ಹಾಲ್‌ನಲ್ಲೇ ಇರುತ್ತದೆ. ನನ್ನದೂ ಅಲ್ಲೇ ಇಡುತ್ತೇನೆ.

"ಇಷ್ಟು ದೊಡ್ಡ ಹುಡುಗಿ ಹಾಡುಹಗಲೇ ಮಲಗ್ತಾಳಾ?" ಅಂತ ಮನೆಗೆ ಬಂದವರು ಕೇಳುತ್ತಾರೆ. ಕೇಳಲಿ. ಆ ಮಾತಿಗೆ ಉತ್ತರ ಕೊಡುವುದು ನನ್ನ ಕೆಲಸ, ನಿನ್ನದಲ್ಲ. ಹುಡುಗರು ಆಡಿ ಬಂದು ಮಲಗಿದರೆ "ಪಾಪ, ಸುಸ್ತಾಗಿದ್ದಾನೆ" ಅನ್ನುವ ಜನವೇ ಹುಡುಗಿ ಮಲಗಿದರೆ ಹುಬ್ಬೇರಿಸುತ್ತಾರೆ. ನೀನು ಬಾಗಿಲು ಹಾಕಿಕೊಂಡು ಮಲಗು. ತಿಂಗಳ ಆ ದಿನಗಳಲ್ಲಿ ಸುಸ್ತು ಜಾಸ್ತಿ ಇದ್ದರೆ ಬಾಯಿ ಬಿಟ್ಟು ಹೇಳು. ಬೆಳಿಗ್ಗೆ ಪ್ರಾಕ್ಟೀಸ್ ಬೇಡ ಅಂದರೆ ಬೇಡ.

ಧಿನಿಧಿ ದೇಸಿಂಗು ನಮ್ಮ ಬೆಂಗಳೂರಿನವಳೇ. ಹದಿನಾಲ್ಕನೇ ವಯಸ್ಸಿಗೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈಜಿದಳು. ಅವಳ ಫೋಟೋ ನಿನ್ನ ಬೀರುವಿನ ಮೇಲೆ ಅಂಟಿಸಿದ್ದೀಯ. ಅಲ್ಲೇ ಇರಲಿ, ಆಸೆ ದೊಡ್ಡದಿರಲಿ. ಆದರೆ ಆ ಆಸೆಗಾಗಿ ದಿನಾ ನಿದ್ದೆಗೆಟ್ಟು ಸೊರಗುವುದಕ್ಕೆ ನಾನು ಬಿಡುವುದಿಲ್ಲ. ಈಜು ಬಿಡು ಅಂತ ಯಾವತ್ತೂ ಹೇಳುವುದಿಲ್ಲ. ನಿದ್ದೆ ಬಿಡು ಅಂತಲೂ ಹೇಳುವುದಿಲ್ಲ.

ಕೋಚ್ ಹತ್ತಿರ ಮಾತಾಡಿದ್ದೇನೆ. ವಾರದಲ್ಲಿ ಒಂದು ಬೆಳಿಗ್ಗೆ ನೀನು ಬರುವುದಿಲ್ಲ ಅಂದೆ. ಪರೀಕ್ಷೆ ಇರುವ ವಾರ ಎರಡು. ಮೀಟ್‌ಗೆ ಮುಂಚೆ ಟೇಪರ್ (ಪ್ರಾಕ್ಟೀಸ್ ಇಳಿಸುವ ದಿನಗಳು) ಶುರುವಾದಾಗ ಹೇಗೂ ಈಜು ಕಡಿಮೆಯಾಗುತ್ತದೆ, ಆಗ ಉಳಿದ ಹೊತ್ತನ್ನು ಮಲಗುವುದಕ್ಕೇ ಇಟ್ಟುಕೋ. ಭಾನುವಾರ ಆರು, ಆರೂವರೆವರೆಗೂ ಮಲಗು. ಹತ್ತರವರೆಗೆ ಎಳೆದರೆ ಸೋಮವಾರ 4:15 ಇನ್ನೂ ಕಷ್ಟವಾಗುತ್ತದೆ.

ಆ ಒಂದು ಬೆಳಿಗ್ಗೆ ಬುಧವಾರ ಇರಲೋ ಗುರುವಾರ ಇರಲೋ ಅಂತ ಕೋಚ್ ಕೇಳುತ್ತಿದ್ದಾರೆ. ಗುರುವಾರ ನಿನಗೆ ಗಣಿತದ ಟೆಸ್ಟ್ ಇರುತ್ತದೆ ಅಲ್ವಾ? ನೋಡಿಕೊಂಡು ಹೇಳು.

ನಿನ್ನ
ಅಮ್ಮ